ಹುಷಾರಾಗಿದ್ದಾಗ ಇಟ್ಟ ಹೆಸರು

ಜೂನ್ 3

ನಿದ್ದೆ ಐದು ಗಂಟೆ. ಮನಸ್ಸಿಗೆ ಹತ್ತಕ್ಕೆ ನಾಲ್ಕು.

ದಿನಾ ಈ ಎರಡು ಸಾಲು ಬರೆಯಬೇಕಂತೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರಮ್ಮ ಈ ನೋಟ್‌ಬುಕ್ ಕೊಟ್ಟು, "ನನಗೂ ತೋರಿಸೋದು ಬೇಡ, ನಿಮಗೋಸ್ಕರ ಬರೀರಿ" ಎಂದರು. ಐದು ನಿಮಿಷಕ್ಕೊಮ್ಮೆ ಹೊತ್ತು ನೋಡಲು ಗೋಡೆ ಕಡೆ ತಿರುಗುವುದರಿಂದ ಅವರಿಗೆ ನಾನಿಟ್ಟ ಹೆಸರು ಗಡಿಯಾರ. ಸರಿ, ಬರೆಯೋಣ. ಬೇರೆ ಏನು ಕಡಿದು ಕಟ್ಟೆ ಹಾಕುವುದಿದೆ ನನಗೆ? ಫೋನಿಲ್ಲ, ಕೆಲಸವಿಲ್ಲ, ಹೊರಗೆ ತೋರಿಸುವ ಮುಖವಿಲ್ಲ.

ಫೋನು ತಮ್ಮನ ಕಾರಿನಲ್ಲಿ, ಬೀಗ ಹಾಕಿದ ಡಬ್ಬಿಯಲ್ಲಿದೆ. ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂರುತ್ತಾನೆ, ಅವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಈಗ ನನ್ನ ಪಕ್ಕದಲ್ಲೂ ಹಾಗೇ ಕೂತಿದ್ದಾನೆ, ಎರಡು ವಾರದಿಂದ ನನ್ನ ಸೋಫಾದ ಮೇಲೆಯೇ ಮಲಗುತ್ತಿದ್ದಾನೆ. ಅವನ ಹೆಂಡತಿ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದಾಳೆ.

"ಅಕ್ಕ, ಫೋನ್ ಒಂದು ಬಿಟ್ಟು ಏನು ಬೇಕಾದ್ರೂ ಕೇಳು. ಕಿಡ್ನಿ ಕೇಳು, ಕೊಡ್ತೀನಿ."

"ನಿನ್ನ ಕಿಡ್ನಿ ಉಪ್ಪಿನಕಾಯಿ ಹಾಕ್ಲಾ?" ಎಂದೆ. ನಕ್ಕ. ನನಗೆ ನಗು ಬರಲಿಲ್ಲ.

ಜೂನ್ 4

ನಿದ್ದೆ ನಾಲ್ಕು. ಮನಸ್ಸು ಮೂರೂವರೆ.

ಕೈ ನಡುಗುತ್ತಿದೆ. ಮಾತ್ರೆಯಿಂದಂತೆ, ಕಡಿಮೆಯಾಗುತ್ತದಂತೆ. ಯಾವಾಗ ಅಂತ ಕೇಳಿದರೆ ಗಡಿಯಾರ ಗೋಡೆ ನೋಡುತ್ತದೆ. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಇಪ್ಪತ್ತೊಂದು ವರ್ಷ ಮೇಣದಲ್ಲಿ ಹಲ್ಲು ಕೂರಿಸಿದ ಕೈ ಇದು. ಇವತ್ತು ಲೋಟದ ನೀರು ಬಾಯಿಗೆ ಬರುವಷ್ಟರಲ್ಲಿ ಅರ್ಧ ಎದೆ ಮೇಲೆ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಈ ಕೋಣೆ ಉದ್ದಕ್ಕೆ ಹನ್ನೊಂದು ಹೆಜ್ಜೆ, ಅಡ್ಡಕ್ಕೆ ಏಳು.

ಜೂನ್ 7

ನಿದ್ದೆ ಐದು. ಮನಸ್ಸಿಗೆ ಮಾರ್ಕ್ಸ್ ಕೊಡಲಾರೆ, ಪೇಪರೇ ಹರಿದುಹೋಗಿದೆ.

ಬರೆದದ್ದನ್ನು ತೋರಿಸು ಅಂತ ಮೂರು ದಿನ ಹಟ ಹಿಡಿದೆ. ಕಾಯಿಲೆ ಬಂದಾಗ ಫೋನಿನಲ್ಲಿ ನಾನೇನು ಬರೆದೆ ಅಂತ ಊರಿಗೆಲ್ಲ ಗೊತ್ತು, ನನಗೆ ಅರ್ಧವೂ ನೆನಪಿಲ್ಲ. ಕೊನೆಗೆ ತಮ್ಮ ಎಲ್ಲವನ್ನೂ ಪ್ರಿಂಟ್ ತೆಗೆಸಿ ತಂದ. ಏಪ್ರಿಲಿನ ಹತ್ತೊಂಬತ್ತು ದಿನ, ಅರವತ್ತೊಂದು ಪೋಸ್ಟು. ಆ ಹತ್ತೊಂಬತ್ತು ದಿನ ನಾನು ಮಲಗಿದ್ದು ಒಟ್ಟು ಮೂವತ್ತು ಗಂಟೆ ಇರಬಹುದೇನೋ.

ಒಂದರಲ್ಲಿ ಅವಳು ಬರೆದಿದ್ದಾಳೆ: ಇಡೀ ಪ್ರಪಂಚಕ್ಕೆ ನಾನೊಬ್ಬಳೇ ಹಲ್ಲು ಮಾಡುತ್ತೇನೆ, ದೇಶದೇಶದವರು ಬಾಯಿ ತೆರೆದುಕೊಂಡು ಸಾಲಾಗಿ ನಿಲ್ಲಿ. ಇನ್ನೊಂದರಲ್ಲಿ ನಾನು ಡಬಲ್ ಗದ್ದ ಅಂತ ಹೆಸರಿಟ್ಟ ನಮ್ಮ ಲ್ಯಾಬಿನ ಯಜಮಾನರ ಫೋಟೋ, ಅದರ ಕೆಳಗೆ "ಮೂರನೇ ಗದ್ದಕ್ಕೆ ಜಾಗ ಖಾಲಿ ಇದೆ." ಅವಳು ಅಂತ ಯಾಕೆ ಬರೆಯುತ್ತಿದ್ದೇನೆಂದರೆ ಅದು ನಾನಲ್ಲ. ಆ ಹತ್ತೊಂಬತ್ತು ದಿನದವಳು ಬೇರೆ.

ಇಪ್ಪತ್ತೊಂಬತ್ತನೇ ಪುಟದಲ್ಲಿ ಕಿಟಕಿ.

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾವು ಪ್ಲಾಸ್ಟರ್ ಸುರಿದು ಅಚ್ಚು ಮಾಡಿ, ಅದರ ಮೇಲೆ ಹಲ್ಲು ಕಟ್ಟುತ್ತೇವೆ. ಮೊದಲು ಅಚ್ಚಿನ ಮೇಲೆ ನಂಬರ್ ಹಾಕುತ್ತಿದ್ದರು. ಒಮ್ಮೆ ಹದಿನಾರು ಅರವತ್ತೊಂದಾಗಿ, ಒಬ್ಬ ನಿವೃತ್ತ ಜಡ್ಜಿನ ಹಲ್ಲು ಒಬ್ಬ ಪೈಂಟರನ ಬಾಯಿಗೆ ಹೋಗಿ ದೊಡ್ಡ ರಾದ್ಧಾಂತವಾಯಿತು. ಅವತ್ತಿನಿಂದ ಅಚ್ಚಿನ ತಳದಲ್ಲಿ ಪೆನ್ಸಿಲಿನಿಂದ ಒಂದು ಅಡ್ಡಹೆಸರು. ಗರಗಸ, ಕೋಟೆಬಾಗಿಲು, ಒಂಟಿಕಂಬ. ಹೆಸರು ಅದಲುಬದಲಾಗುವುದಿಲ್ಲ. ಕೆಲಸ ಮುಗಿದ ಮೇಲೆ ಉಜ್ಜಿ ಅಳಿಸುತ್ತೇವೆ, ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಹೆಸರಿಡುವ ಕೆಲಸ ನನ್ನದು. ನಾಲಿಗೆ ಹರಿತ ಅಂತ ಎಲ್ಲರೂ ಸೇರಿ ಕೊಟ್ಟ ಪಟ್ಟ.

ಕಿಟಕಿ ಒಬ್ಬ ಹೆಂಗಸು, ಅವಳಿಗೆ ಮೇಲಿನ ಸಾಲಿನ ನಾಲ್ಕು ಮುಂದಿನ ಹಲ್ಲಿರಲಿಲ್ಲ. ಬಸ್ಸಿನ ಅಪಘಾತದಲ್ಲಿ ಹೋದದ್ದು. ವಯಸ್ಸು ಮೂವತ್ತನಾಲ್ಕು, ಹೋಟೆಲಿನ ಕೌಂಟರಿನಲ್ಲಿ ಕೆಲಸ. ಹಲ್ಲಿನ ಬಣ್ಣ ಹೊಂದಿಸಲು ಲ್ಯಾಬಿಗೇ ಬಂದಿದ್ದಳು, ಕರವಸ್ತ್ರ ಬಾಯಿಗೆ ಹಿಡಿದೇ ಮಾತಾಡಿದಳು. ಅವಳ ಅಚ್ಚಿನ ಫೋಟೋ ಹಾಕಿ, ಹೋಟೆಲಿನ ಹೆಸರು ಹಾಕಿ, ಕೆಳಗೆ ಹೀಗಿದೆ: "ಕಿಟಕಿ ತೆರೆದಿದೆ, ಗಾಳಿ ಚೆನ್ನಾಗಿ ಬರುತ್ತದೆ. ಬೆಳಗಿನ ಪಾಳಿಯಲ್ಲಿ ಕೌಂಟರಿಗೆ ಹೋಗಿ, ನಗಲು ಹೇಳಿ. ಉದುರಿದರೆ ಹೆಕ್ಕಿಕೊಡಿ."

ಒಂಬತ್ತು ಸಾವಿರ ಜನ ಹಂಚಿಕೊಂಡಿದ್ದಾರೆ.

"ಹೋಗಿದ್ರು ಅಕ್ಕ" ಎಂದ ತಮ್ಮ. "ಜನ ನಿಜವಾಗ್ಲೂ ಹೋಗಿದ್ರು. ಫೋನ್ ಹಿಡ್ಕೊಂಡು, ಎಲ್ಲಿ ನಗಿ ನೋಡೋಣ ಅಂತ. ಒಂದು ವಾರ. ಆಮೇಲೆ ಹೋಟೆಲಿನವರು ಅವರನ್ನ ಹಿಂದಗಡೆ ಫೋನ್ ರೂಮಿಗೆ ಹಾಕಿದ್ರು."

"ನಾನಲ್ಲ ಕಣೋ ಅದು."

ಅವನು ಪುಟಗಳನ್ನು ಜೋಡಿಸಿಡುತ್ತಾ ಕೂತ.

ಜೂನ್ 8

ನಿದ್ದೆ ಮೂರು.

ಮತ್ತೆ ಓದಿದೆ. ಪ್ರಪಂಚದ ಹಲ್ಲಿನ ಪೋಸ್ಟಿಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ತಮ್ಮ ಅಡುಗೆಮನೆಯಿಂದ ಓಡಿಬಂದ. ಹಿಂದೆ ಅವನು ನನ್ನ ನಗು ಕೇಳಿ ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಇನ್ನೊಂದು ಸಂಗತಿ, ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ. ಆ ಹತ್ತೊಂಬತ್ತು ದಿನ ಎಷ್ಟು ಸುಖವಾಗಿತ್ತು! ಒಂದೊಂದು ಮಾತೂ ತಾನಾಗಿ ಬಂದು ಬಾಯಲ್ಲಿ ಕೂರುತ್ತಿತ್ತು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಮಾತಾಡಿದ್ದಿಲ್ಲ.

ಜೂನ್ 11

ನಿದ್ದೆ ಐದು. ಮನಸ್ಸು ಐದು.

ಡಬಲ್ ಗದ್ದ ಬಂದಿತ್ತು, ಕಿತ್ತಳೆಹಣ್ಣಿನ ಚೀಲ ಹಿಡಿದುಕೊಂಡು. ಕುರ್ಚಿಯ ತುದಿಯಲ್ಲಿ ಕೂತರು. ನಾನು ಎದ್ದು ಕಚ್ಚುತ್ತೇನೆಂಬ ಅನುಮಾನವಿದ್ದಿರಬೇಕು.

"ನೋಡಮ್ಮ, ಗದ್ದದ ವಿಷಯ ನಾನು ಮನಸ್ಸಿಗೆ ಹಚ್ಕೊಂಡಿಲ್ಲ. ನನ್ನ ಹೆಂಡತಿ ಇನ್ನೂ ನಗ್ತಾಳೆ, ಅದು ಬೇರೆ. ಆದ್ರೆ ಡಾಕ್ಟರುಗಳು ಕೆಲಸ ಕಳ್ಸೋದು ನಿಲ್ಸಿದ್ದಾರೆ. ನಮ್ಮ ಪೇಶೆಂಟಿಗೂ ಹೆಸರಿಟ್ಟಿದ್ದೀರಾ ಅಂತ ಕೇಳ್ತಾರೆ."

ಜೇಬಿನಿಂದ ಒಂದು ಕಾಗದ ತೆಗೆದು ಓದಿದರು. ಲ್ಯಾಬಿನ ಹೆಸರಿನಲ್ಲಿ ಹಾಕುವ ಪ್ರಕಟಣೆ. "ನಮ್ಮ ಸಿಬ್ಬಂದಿಯೊಬ್ಬರು ತೀವ್ರ ಮಾನಸಿಕ ಅಸ್ವಸ್ಥತೆಯಲ್ಲಿದ್ದಾಗ, ತಮ್ಮ ಅರಿವಿಗೆ ಬಾರದೆ, ಗ್ರಾಹಕರ ಕುರಿತು ಅಸಭ್ಯ ಹೆಸರುಗಳನ್ನು ಕಲ್ಪಿಸಿ ಬರೆದಿರುತ್ತಾರೆ. ನಮ್ಮಲ್ಲಿ ಗ್ರಾಹಕರಿಗೆ ಹೆಸರಿಡುವ ಪದ್ಧತಿ ಇರುವುದಿಲ್ಲ." ಜೊತೆಗೆ ಡಾಕ್ಟರ ಪತ್ರ ಬೇಕಂತೆ. ಇಪ್ಪತ್ತನೇ ತಾರೀಖಿನ ಒಳಗೆ ತಂದರೆ ನನ್ನ ಮೇಜು ನನಗೆ.

"ಕೈ ನಡುಗೋದು ಕಮ್ಮಿಯಾಗೋ ತನಕ ಮೇಣದ ಕೆಲಸ ಬೇಡ, ಪ್ಲಾಸ್ಟರ್ ಕಲಸ್ತಾ ಇರು. ನಿನ್ನನ್ನ ಬಿಡಕ್ಕಾಗತ್ತಾ? ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

ಕೊನೆಯ ಸಾಲು ಓದುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನೂ ಕಿತ್ತಳೆಹಣ್ಣು ಎಣಿಸುತ್ತಿದ್ದೆ. ನನಗೆ ಆ ಮೇಜು ಬೇಕು. ಅದಿಲ್ಲದಿದ್ದರೆ ನಾನು ಈ ಕೋಣೆಯ ಹನ್ನೊಂದು ಹೆಜ್ಜೆ, ಅಷ್ಟೆ.

ಜೂನ್ 13

ನಿದ್ದೆ ಆರು.

ಡಾಕ್ಟರಮ್ಮ ಪತ್ರ ಕೊಡಲು ಒಪ್ಪಿದರು. ಬೇಡ ಅನ್ನುತ್ತಾರೆಂದು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ, ಎಲ್ಲ ದಂಡವಾಯಿತು.

"ಇದರಲ್ಲಿರೋದೆಲ್ಲ ನಿಜ" ಎಂದರು. "ನಿದ್ದೆ ಇರ್ಲಿಲ್ಲ, ನಿಮ್ಮನ್ನ ನೀವು ತಡ್ಕೊಳ್ಳೋ ಸ್ಥಿತಿಯಲ್ಲಿ ಇರ್ಲಿಲ್ಲ."

"ಹಾಗಾದ್ರೆ ನನ್ನ ತಪ್ಪಿಲ್ಲ."

"ಕಾಯಿಲೆ ಬಂದಿದ್ದು ನಿಮ್ಮ ತಪ್ಪಲ್ಲ. ಬೇಕಿದ್ರೆ ಇದನ್ನ ದಪ್ಪ ಅಕ್ಷರದಲ್ಲಿ ಬರೆದುಕೊಡ್ತೀನಿ."

"ಮಿಕ್ಕಿದ್ದು?"

"ಎಷ್ಟು ಕಾಯಿಲೆ, ಎಷ್ಟು ನೀವು ಅಂತ ತೂಗೋ ತಕ್ಕಡಿ ನನ್ನ ಹತ್ರ ಇಲ್ಲಮ್ಮ. ಎಲ್ಲಾ ಕಾಯಿಲೇನೇ ಅಂದ್ಕೊಂಡವರನ್ನೂ ನೋಡಿದ್ದೀನಿ, ಎಲ್ಲಾ ನಂದೇ ಪಾಪ ಅಂತ ನೆಲ ಹಿಡಿದವರನ್ನೂ ನೋಡಿದ್ದೀನಿ. ಇಬ್ಬರೂ ಮಾತ್ರೆ ನಿಲ್ಲಿಸ್ತಾರೆ. ನೀವು ನಿಲ್ಲಿಸ್ಬೇಡಿ."

ಮತ್ತೆ ಹಾಗಾಗುತ್ತಿದೆ ಅನ್ನಿಸಿದ ಮೊದಲ ದಿನವೇ ತಮ್ಮನಿಗೆ ಹೇಳಬೇಕಂತೆ. ಅದು ನನ್ನ ಕೆಲಸವಂತೆ, ತಮ್ಮನದಲ್ಲವಂತೆ. ಇವತ್ತು ಅವರು ಗೋಡೆ ನೋಡಲಿಲ್ಲ.

ಜೂನ್ 14

ನಿದ್ದೆ ಎಂಟು ಗಂಟೆ! ಮನಸ್ಸು ಏಳು.

ಪತ್ರವನ್ನು ಆರು ಸಲ ಓದಿದೆ. ಸೀಲು, ಸಹಿ, ನೀಲಿ ಶಾಯಿ. ಶಾಲೆಯಲ್ಲಿ ನನಗೆ ಒಂದೂ ಪ್ರಶಸ್ತಿಪತ್ರ ಬಂದಿರಲಿಲ್ಲ, ನಲವತ್ಮೂರಕ್ಕೆ ಬಂತು. ತಮ್ಮನೂ ಖುಷಿಯಾಗಿದ್ದಾನೆ, ಸ್ನಾನ ಮಾಡುವಾಗ ಹಾಡಿದ. ಅವನು ಹಾಡಬಾರದು, ಆದರೂ ಹಾಡಲಿ.

ಜೂನ್ 15

ನಿದ್ದೆ ಏಳು.

ಯಜಮಾನರು ಹೇಳಿಕಳಿಸಿದ್ದಾರೆ: ಗಿರಾಕಿಗಳ ಅಚ್ಚಿನ ಫೋಟೋಗಳನ್ನು ಯಾವ್ಯಾವ ದಿನ ತೆಗೆದದ್ದು ಅಂತ ಪಟ್ಟಿ ಬೇಕು, ಎಲ್ಲವೂ ಕಾಯಿಲೆಯ ದಿನಗಳಲ್ಲೇ ಅಂತ ತೋರಿಸಬೇಕು. ತಮ್ಮ ಫೋನು ತಂದುಕೊಟ್ಟ. "ಹತ್ತು ನಿಮಿಷ. ನಾನು ಇಲ್ಲೇ ಕೂತಿರ್ತೀನಿ." ನಿಜವಾಗಿಯೂ ಪಕ್ಕದಲ್ಲೇ ಕೂತ, ಬಲಗಾಲು ಮುಂದೆ ಚಾಚಿ.

ಆರು ಅಚ್ಚಿನ ಫೋಟೋಗಳಿದ್ದವು. ಐದು ಆ ಹತ್ತೊಂಬತ್ತು ದಿನದೊಳಗಿನವು. ಕಿಟಕಿಯದು ಅಲ್ಲ.

ಆ ಫೋಟೋ ನವೆಂಬರ್ ಹನ್ನೊಂದರದ್ದು, ಮಂಗಳವಾರ. ಕಾಯಿಲೆಗೆ ಐದು ತಿಂಗಳು ಮೊದಲು. ಲ್ಯಾಬಿನವರದ್ದೇ ಒಂದು ಗ್ರೂಪಿದೆ, ನಾವು ಒಂಬತ್ತು ಜನ. ಅದರಲ್ಲಿ ಮಧ್ಯಾಹ್ನ ಟೀ ಹೊತ್ತಿಗೆ ನಾನು ಹಾಕಿದ್ದೇನೆ. ಕೆಳಗೆ ಇದೆ: "ಕಿಟಕಿ ತೆರೆದಿದೆ, ಗಾಳಿ ಚೆನ್ನಾಗಿ ಬರುತ್ತದೆ. ನಗಲು ಹೇಳಬೇಡಿ, ಉದುರಿದರೆ ಹೆಕ್ಕುವವರು ಯಾರು?"

ಮಾತು ಅದೇ. ಏಪ್ರಿಲಿನಲ್ಲಿ ಹುಟ್ಟಿದ್ದಲ್ಲ ಅದು. ಏಪ್ರಿಲಿನಲ್ಲಿ ಹೋಟೆಲಿನ ಹೆಸರು ಸೇರಿಕೊಂಡಿತು, "ಬೇಡಿ" ಅನ್ನುವುದು ಹೋಯಿತು. ಉಳಿದದ್ದೆಲ್ಲ ನವೆಂಬರಿನದು.

ಎಂಟೂ ಜನ ನಕ್ಕಿದ್ದಾರೆ. ಯಜಮಾನರು "ಸೂಪರ್" ಎಂದಿದ್ದಾರೆ. ಹಲ್ಲಿಗೆ ಹೊಳಪು ಕೊಡುವ ಸಾಣೆಯಜ್ಜ ನಗುವ ಮುಖ ಮೂರು ಹಾಕಿದ್ದಾರೆ. ಬಣ್ಣ ಹೊಂದಿಸಲು ಬಂದಾಗ ಆ ಹೆಂಗಸಿಗೆ ಕುರ್ಚಿ ಕೊಟ್ಟು ಕನ್ನಡಿ ಹಿಡಿದವರು ಅವರೇ.

ಅವತ್ತು ನಾನು ಹೇಗಿದ್ದೆ ಅಂತ ನೆನಪು ಮಾಡಿಕೊಂಡೆ. ಕೆಲಸದ ಪುಸ್ತಕದ ಪುಟವನ್ನೂ ದಿನಾ ಫೋನಿನಲ್ಲಿ ಫೋಟೋ ತೆಗೆದಿಡುತ್ತೇನೆ, ಅದನ್ನೂ ನೋಡಿದೆ. ಹದಿನಾಲ್ಕು ಅಚ್ಚು, ಒಂದೂ ವಾಪಸ್ ಬಂದಿಲ್ಲ. ಸಂಜೆ ತಮ್ಮನ ಮಗಳಿಗೆ ಶೂ ಕೊಡಿಸಲು ಹೋಗಿದ್ದೆ.

ಹತ್ತು ನಿಮಿಷ ಮುಗಿಯುವ ಮೊದಲೇ ಫೋನು ವಾಪಸ್ ಕೊಟ್ಟೆ.

ಜೂನ್ 16

ನಿದ್ದೆ ಮೂರು. ಹನ್ನೊಂದು ಹೆಜ್ಜೆ, ಏಳು ಹೆಜ್ಜೆ, ಮತ್ತೆ ಹನ್ನೊಂದು.

ಬೆಳಗ್ಗೆ ತಮ್ಮನ ಫೋನಿನಿಂದ ಡಾಕ್ಟರಮ್ಮನಿಗೆ ಕರೆ ಮಾಡಿದೆ. "ನವೆಂಬರಿನಲ್ಲೇ ಕಾಯಿಲೆ ಶುರುವಾಗಿತ್ತಾ?"

"ಆಗ ನಿದ್ದೆ ಬರ್ತಿತ್ತಾ? ಕೆಲಸ ಸರಿಯಾಗಿ ಆಗ್ತಿತ್ತಾ?"

"ಬರ್ತಿತ್ತು. ಆಗ್ತಿತ್ತು."

"ಹಾಗಿದ್ರೆ ಇರ್ಲಿಲ್ಲ ಅನ್ಸುತ್ತೆ." ಆಮೇಲೆ, "ಇರಬೇಕಿತ್ತು ಅಂತ ಆಸೆ ಯಾಕೆ?" ಎಂದರು. ಫೋನು ಇಟ್ಟುಬಿಟ್ಟೆ. ಈಗ ನಾಚಿಕೆಯಾಗುತ್ತಿದೆ, ಕಾಯಿಲೆ ಬೇಕು ಅಂತ ಹಲುಬಿದವಳು ನಾನೊಬ್ಬಳೇ ಇರಬೇಕು.

ಹಲ್ಲು ಕಟ್ಟಿಸಿಕೊಂಡ ಆ ಹೆಂಗಸನ್ನು ನೋಡಲು ಹೋಗುತ್ತೇನೆ ಅಂದೆ. ತಮ್ಮ ತಟ್ಟೆ ತೊಳೆಯುತ್ತಿದ್ದವನು ನಿಲ್ಲಿಸಿದ.

"ಬೇಡ. ನಾನಾಗ್ಲೇ ಹೋಗಿದ್ದೆ."

"ಎಲ್ಲಿಗೆ?"

"ಹೋಟೆಲಿಗೆ. ನೀನು ಆಸ್ಪತ್ರೇಲಿದ್ದಾಗ. ಅಕ್ಕನಿಗೆ ಹುಷಾರಿಲ್ಲ, ಏನು ಬರೀತಿದ್ದೀನಿ ಅಂತ ಅವಳಿಗೇ ಗೊತ್ತಿರ್ಲಿಲ್ಲ ಅಂದೆ. ಅವರು ಅತ್ರು. ಆಮೇಲೆ, ಪಾಪ, ಕಾಯಿಲೆ ಅಂದ್ಮೇಲೆ ಏನು ಮಾಡಕ್ಕಾಗತ್ತೆ, ನಾನು ಕ್ಷಮಿಸಿದ್ದೀನಿ ಅಂತ ಹೇಳಿ ಅಂದ್ರು. ಸರಿಯಾಗಿ ಹುಷಾರಾದ್ಮೇಲೆ ಹೇಳೋಣ ಅಂತಿದ್ದೆ."

ಎರಡು ನಿಮಿಷ ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಮೊದಲಿಗಿಂತ ಭಾರ.

"ಮುಗೀತಲ್ಲ ಅಕ್ಕ? ನವೆಂಬರಿನ ಮಾತು ಎತ್ಬೇಡ. ಆ ಗ್ರೂಪು ಹೊರಗಿನವರು ಯಾರೂ ನೋಡಿಲ್ಲ. ಸುಮ್ನಿರೋ ಇರುವೆನ ಮೈ ಮೇಲೆ ಬಿಟ್ಕೋಬೇಡ."

"ಅವರು ಕ್ಷಮಿಸಿದ್ದು ನಿಜ ಗೊತ್ತಿಲ್ದೆ."

"ಗೊತ್ತಾಗಿ ಅವರಿಗೇನು ಸಿಗತ್ತೆ?"

ಹರಿತವಾದ ನಾಲಿಗೆ ಬೇಕಾದಾಗ ಎಲ್ಲಿ ಹೋಗುತ್ತದೋ.

ಜೂನ್ 18

ನಿದ್ದೆ ನಾಲ್ಕು.

ಹೋಗಿಬಂದೆ.

ತಮ್ಮ ಕಾರಿನಲ್ಲಿ ಬಿಟ್ಟ, ಕೆಳಗಿಳಿಯಲಿಲ್ಲ. ಹೋಟೆಲಿನ ಮುಂಬಾಗಿಲಲ್ಲ, ಹಿಂದಿನ ಬಾಗಿಲು. ತೊಳೆದ ಬೆಡ್‌ಶೀಟುಗಳ ಗಾಡಿ ಹೋಗುವ ದಾರಿ ಅದು. ಆ ಹೆಂಗಸನ್ನು ಮೊದಲೇ ಕೇಳಿಕೊಂಡಿದ್ದೆವು, ಹನ್ನೊಂದು ಗಂಟೆಗೆ ಹತ್ತು ನಿಮಿಷದ ಬಿಡುವು ಸಿಗುತ್ತದೆ ಅಂದಿದ್ದರು. ಬಂದರು. ಬಾಯಿಗೆ ಮಾಸ್ಕ್ ಹಾಕಿದ್ದರು. ನನ್ನ ಕೈ ನೋಡಿದರು.

"ನಡುಗ್ತಿದೆಯಲ್ಲ ನಿಮ್ಮ ಕೈ. ಕೂತ್ಕೊಳ್ಳಿ."

ಅಲ್ಲೊಂದು ಪ್ಲಾಸ್ಟಿಕ್ ಸ್ಟೂಲಿತ್ತು. ಕೂರಲು ಮನಸ್ಸಾಗಲಿಲ್ಲ.

"ನಿಮ್ಮ ತಮ್ಮ ಎಲ್ಲಾ ಹೇಳಿದ್ದಾರೆ" ಎಂದರು. "ನನ್ನ ಸೋದರತ್ತೆಗೂ ಹೀಗೇ ಆಗಿತ್ತು. ನಮಗೆ ಗೊತ್ತು. ಮನಸ್ಸಿಗೆ ಹಚ್ಕೋಬೇಡಿ."

ನನ್ನ ಬ್ಯಾಗಿನಲ್ಲಿ ಪತ್ರವಿತ್ತು. ತೆಗೆದು ಕೊಟ್ಟು, ಕೈಮುಗಿದು, ಬಂದುಬಿಡಬಹುದಿತ್ತು. ಬಾಗಿಲು ಪೂರ್ತಿ ತೆರೆದಿತ್ತು. ನಾನು ಹೇಳಿದೆ.

"ಆ ಪೋಸ್ಟ್ ಹಾಕ್ದಾಗ ನನಗೆ ಹುಷಾರಿರ್ಲಿಲ್ಲ. ಆದ್ರೆ ಆ ಮಾತು ನವೆಂಬರಿಂದು. ಆಗ ನಾನು ಸರಿಯಾಗೇ ಇದ್ದೆ. ಲ್ಯಾಬಿನವರ ಗ್ರೂಪಿನಲ್ಲಿ ಹಾಕಿದ್ದೆ, ನಗಿಸಕ್ಕೆ. ನಿಮಗೆ ಒಂದು ಹೆಸರಿಟ್ಟಿದ್ದೆ."

"ಏನಂತ?"

"ಕಿಟಕಿ ಅಂತ."

ಬೆಡ್‌ಶೀಟಿನ ಗಾಡಿಯೊಂದು ಬಂತು, ಇಬ್ಬರೂ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆವು. ಅದು ಹೋಗುವ ತನಕ ಅವರು ನನ್ನನ್ನೇ ನೋಡುತ್ತಿದ್ದರು.

"ಯಾರೋ ಪಾಪ ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು ಬರೆದ್ರು, ಬುದ್ಧಿ ಇಲ್ಲದವರು ನಕ್ರು. ಹಾಗಂದ್ಕೊಂಡು ನಾನು ಮಲಗ್ತಿದ್ದೆ ಇಷ್ಟು ದಿನ" ಎಂದರು. "ನನ್ನ ಬಾಯಿಗೆ ಕೈ ಹಾಕಿ ಹಲ್ಲು ಕಟ್ಟಿದವರೇ ನಕ್ಕಿದ್ರು ಅಂತ ಗೊತ್ತಿರ್ಲಿಲ್ಲ. ಆ ನೆಮ್ಮದೀನೂ ಕಿತ್ಕೊಳ್ಳಕ್ಕೆ ಬಂದ್ರಾ?"

ತಮ್ಮ ಕೇಳಿದ್ದೂ ಅದೇ.

"ಎಲ್ಲರೂ ನಕ್ರಾ? ನನಗೆ ಕನ್ನಡಿ ಹಿಡಿದ್ರಲ್ಲ, ವಯಸ್ಸಾದವರು, ಅವರೂ?"

ಮೂರು ನಗುವ ಮುಖಗಳು ನನ್ನ ಕಣ್ಣ ಮುಂದೆಯೇ ಇದ್ದವು. "ಅವರ ಮಾತು ಅವರು ಹೇಳ್ಬೇಕು. ನನ್ನದಷ್ಟೇ ನಾನು ಹೇಳಕ್ಕೆ ಬಂದಿರೋದು" ಎಂದೆ.

ಅವರಿಗೆ ಅರ್ಥವಾಯಿತು. ಮಾಸ್ಕ್ ತೆಗೆದರು. ನಾನು ಕೂರಿಸಿದ ನಾಲ್ಕು ಹಲ್ಲು, ಎಲ್ಲಿಯೂ ಗುರುತು ಸಿಗದ ಹಾಗೆ ಕೂತಿದ್ದವು.

"ಕಾಯಿಲೆಯವರನ್ನ ನಾನು ಕ್ಷಮಿಸಿದ್ದೆ, ಅದು ಹಾಗೇ ಇರ್ಲಿ. ನವೆಂಬರಿನವರನ್ನ ಕ್ಷಮಿಸಿಲ್ಲ. ಆಗತ್ತೋ ಇಲ್ವೋ ಗೊತ್ತಿಲ್ಲ."

"ಸರಿ" ಎಂದೆ.

"ನಿಮ್ಮ ಯಜಮಾನರು ಒಂದು ಬರಹ ಕಳ್ಸಿದ್ರು ನೋಡಿ ಅಂತ. ಹೆಸರಿಡೋ ಪದ್ಧತಿ ಇಲ್ಲ ಅಂತಿದೆ ಅದರಲ್ಲಿ. ಸುಳ್ಳಾ?"

"ಸುಳ್ಳು."

"ನನಗೋಸ್ಕರ ಅಂತ ಸುಳ್ಳು ಹಾಕ್ಬೇಡಿ. ನೀವೇನಾದ್ರೂ ಬರೆಯೋದಿದ್ರೆ ನನ್ನ ಹೆಸರು, ಹೋಟೆಲ್ ಹೆಸರು ಬರ್ಬಾರ್ದು." ಮಾಸ್ಕ್ ಹಾಕಿಕೊಂಡು ಒಳಗೆ ಹೋದರು. ಫೋನು ಹೊಡೆದುಕೊಳ್ಳುತ್ತಿತ್ತು.

ಕಾರಿನಲ್ಲಿ ತಮ್ಮ ಏನಾಯಿತು ಅಂತ ಕೇಳಿದ. ಹೇಳಿದೆ. "ಕೈಗೆ ಬಂದಿದ್ದನ್ನ ನೀನೇ ಚೆಲ್ಲಿ ಬಂದೆ" ಎಂದು ಸ್ಟೇರಿಂಗಿಗೆ ಗುದ್ದಿದ.

ಜೂನ್ 19

ನಿದ್ದೆ ಎರಡು. ತಮ್ಮನಿಗೆ ಹೇಳಿದೆ, ಮುಚ್ಚಿಡಲಿಲ್ಲ. ಅವನು ಸಿಟ್ಟಿನಲ್ಲೇ ಇದ್ದ, ಆದರೂ ಸ್ಕೂಲಿಗೆ ರಜೆ ಹಾಕಿ, ಡಾಕ್ಟರಮ್ಮನನ್ನು ಕೇಳಿ ಮಾತ್ರೆ ಬದಲಿಸಿ ತಂದ. ಮಧ್ಯಾಹ್ನ ಪಾಠ ಕೇಳುತ್ತಾ ತೂಕಡಿಸುವ ಮಗುವಿನ ಹಾಗೆ ಮಲಗಿದೆ.

ಜೂನ್ 20

ನಿದ್ದೆ ಆರು.

ಲ್ಯಾಬಿಗೆ ಹೋದೆ. ಟೀ ಹೊತ್ತು, ಎಲ್ಲರೂ ಇದ್ದರು. ಯಜಮಾನರು ಕೈ ಚಾಚಿದರು. "ಪತ್ರ ತಂದ್ಯಾ?"

"ತಂದಿದ್ದೀನಿ. ಕೊಡಲ್ಲ."

ಆ ಕೊನೆಯ ಸಾಲು ತೆಗೆದರೆ ಕೊಡುತ್ತೇನೆ ಅಂದೆ. ಅದನ್ನು ತೆಗೆದರೆ ಪ್ರಕಟಣೆಯಲ್ಲಿ ಏನು ಉಳಿಯುತ್ತದೆ ಅಂದರು. ನವೆಂಬರಿನ ಫೋಟೋ ನನ್ನ ಫೋನಿನಲ್ಲಿದೆ ಅಂದೆ. ಅವರ ಮುಖ ಪ್ಲಾಸ್ಟರಿನಂತೆ ಬಿಳುಪಾಯಿತು.

"ಹೆದರಿಸ್ತೀಯಾ?"

"ಇಲ್ಲ. ಅದನ್ನ ಎಲ್ಲೂ ಹಾಕಲ್ಲ. ನೀವು ನಕ್ಕಿದ್ದು ನಿಮಗೆ ಬಿಟ್ಟಿದ್ದು. ನಾನು ಬರೆದಿದ್ದು ಹುಷಾರಿಲ್ದೆ ಅಂತ ಮಾತ್ರ ನನ್ನ ಕೈಲಿ ಹೇಳಿಸ್ಬೇಡಿ."

ಅವರು ಕೆಟ್ಟವರಲ್ಲ. ಎಂಟು ಮನೆಗಳ ಒಲೆ ಉರಿಯುವುದು ಅವರು ತರುವ ಕೆಲಸದಿಂದ. ಲೋಟ ತಿರುಗಿಸುತ್ತಾ, "ಹಾಗಿದ್ರೆ ನಾನು ಇಟ್ಕೊಳ್ಳಕ್ಕಾಗಲ್ಲಮ್ಮ" ಎಂದರು. ಮೇಣದ ಚಾಕು ನನ್ನ ಸ್ವಂತದ್ದು, ಅದನ್ನು ತೆಗೆದುಕೊಂಡೆ. ಇಪ್ಪತ್ತೊಂದು ವರ್ಷ ಒಂದು ಬ್ಯಾಗಿನಲ್ಲಿ ಹಿಡಿಸಿತು.

ಮೆಟ್ಟಿಲಿನಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ. ಹೊಳಪು ಕೊಡುವ ಅಜ್ಜ, ಏಪ್ರನ್ ಸಮೇತ.

"ಮಗಳೇ, ನಾನು ಮೂರು ಮುಖ ಹಾಕಿದ್ದೆ" ಎಂದರು. "ನಿನ್ನೆ ಎಣಿಸ್ದೆ."

ಅವರ ಕಣ್ಣು ಒದ್ದೆಯಾಗಿತ್ತು. ಆ ಹೋಟೆಲಿನ ಹಿಂದಿನ ಬಾಗಿಲು ಎಲ್ಲಿದೆ ಅಂತ ಕೇಳಿದರು. ಹೇಳಿದೆ.

ಜೂನ್ 22

ನಿದ್ದೆ ಆರೂವರೆ.

ತಮ್ಮನಿಂದ ಫೋನು ಕೇಳಿ ಪಡೆದೆ. ಬರೆಯುವುದಿದೆ ಅಂದೆ. ಅವನು ಪಕ್ಕದಲ್ಲಿ ಕೂತ.

ಮೊದಲು ಬರೆದದ್ದು ಬಹಳ ಚೆನ್ನಾಗಿತ್ತು. ಓದುತ್ತಾ ಹೋದರೆ ಕಣ್ಣಲ್ಲಿ ನೀರು ಬರಬೇಕು, ಮಧ್ಯೆ ಒಂದು ಕಡೆ ನಗುವೂ ಬರಬೇಕು, ಹಾಗಿತ್ತು. ತಮ್ಮ ಓದಿ, "ಅಕ್ಕ, ಏನು ಬರೀತೀಯೇ! ಇದೂ ಒಂಬತ್ತು ಸಾವಿರ ದಾಟತ್ತೆ ನೋಡು" ಎಂದ. ಪೂರ್ತಿ ಅಳಿಸಿದೆ.

ಆಮೇಲೆ ಹಾಕಿದ್ದು ಇಷ್ಟು: "ಏಪ್ರಿಲಿನಲ್ಲಿ ಒಬ್ಬರ ಹಲ್ಲಿನ ಬಗ್ಗೆ ನಾನು ಇಲ್ಲಿ ಬರೆದೆ. ಆಗ ನನಗೆ ಮನಸ್ಸಿನ ಕಾಯಿಲೆ ಇತ್ತು, ಈಗಲೂ ಚಿಕಿತ್ಸೆ ನಡೆಯುತ್ತಿದೆ. ಆದರೆ ಆ ಮಾತು ನಾನು ಚೆನ್ನಾಗಿದ್ದಾಗಲೇ ಕಟ್ಟಿದ್ದು, ನಗಿಸಲು ಹೇಳಿದ್ದು. ಅದು ನನ್ನ ತಪ್ಪು. ಅವರನ್ನು ನೋಡಲು ಹೋಗಬೇಡಿ, ಹುಡುಕಬೇಡಿ."

ಗಂಟೆಯೊಳಗೆ ಶುರುವಾಯಿತು. ನಾಟಕ ಅಂದರು, ಕಾಯಿಲೆ ನೆಪ ಅಂದರು. ಹುಚ್ಚಿಗೆ ಫೋನು ಕೊಟ್ಟವರು ಯಾರು ಅಂತ ಒಬ್ಬರು. ಪಾಪ ಅಂತ ನಾಲ್ಕಾರು ಜನ, ಅದು ಬೈಗುಳಕ್ಕಿಂತ ಉರಿಯಿತು. ಒಂದೊಂದಕ್ಕೂ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು, ಒಳ್ಳೊಳ್ಳೆಯ ಉತ್ತರಗಳು. ಬೆರಳುಗಳ ಮೇಲೆ ಕೂತೆ. ನಿಜವಾಗಿಯೂ, ಎರಡೂ ಕೈ ತೊಡೆಯ ಕೆಳಗೆ ಹಾಕಿಕೊಂಡು. ತಮ್ಮ ಎರಡು ಸಲ ತೆಗೆದುಬಿಡೋಣ ಅಂದ.

ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಕಾಮೆಂಟು ಬಂತು. ಹೆಸರು ಇದೆ, ಪೂರ್ತಿ ಹೆಸರು. ಫೋಟೋ ಇದೆ, ಹೋಟೆಲಿನ ಅವರದೇ, ತುಟಿ ಮುಚ್ಚಿದ್ದಾರೆ. ತಮ್ಮ ಹೆಸರು ಬರಬಾರದು ಅಂದವರು, ಎಲ್ಲರೂ ನೋಡುವ ಕಡೆ ತಾವೇ ಬಂದು ಒಂದು ಮಾತು ಬರೆದಿದ್ದಾರೆ.

"ಓದಿದೆ."

ತಮ್ಮ ನನ್ನ ಮುಖ ನೋಡಿದ. "ಅಂದ್ರೆ ಏನು? ಕ್ಷಮಿಸಿದ್ರಾ?"

"ಇಲ್ಲ ಕಣೋ. ಓದಿದ್ರು, ಅಷ್ಟೇ."

ಅದಕ್ಕಿಂತ ಹೆಚ್ಚು ಅರ್ಥ ಮಾಡಿಕೊಳ್ಳುವ ಹಕ್ಕು ನನಗಿಲ್ಲ. ಆದರೂ ಮತ್ತೆ ಮತ್ತೆ ನೋಡಿದೆ, ಬಿಕ್ಕಿ ಬಿಕ್ಕಿ ಅತ್ತೆ. ನಂತರ ಫೋನನ್ನು ಅವನ ಕೈಗೆ ಕೊಟ್ಟೆ.